ಗುಡ್ಡದ ಮೇಲಿನ ವೀಕ್ಷಕ ವಿವರಣೆ

ಸೆಪ್ಟೆಂಬರ್ ಸಂಜೆ ಪೋರ್ಟ್‌ಲ್ಯಾಂಡಿನ ನಮ್ಮ ಹಳೆಯ ಶಾಲೆಯ ಎದುರಿನ ಗುಡ್ಡಕ್ಕೆ ಹೋದರೆ ವರ್ನಾ ಅಜ್ಜಿಯನ್ನು ಹುಡುಕಬೇಕಾಗಿಲ್ಲ. ಅವಳ ದನಿಯೇ ಕರೆಯುತ್ತದೆ. ದಕ್ಷಿಣಕ್ಕೆ ವಲಸೆ ಹೊರಟ ಬಾನಾಡಿಗಳು ರಾತ್ರಿ ತಂಗಲು ಶಾಲೆಯ ಎತ್ತರದ ಹೊಗೆ ಚಿಮ್ನಿಯೊಳಗೆ ಇಳಿಯುವುದನ್ನು ಊರೆಲ್ಲ ಕಂಬಳಿ ಹಾಸಿ ಕೂತು ಸುಮ್ಮನೆ ನೋಡುತ್ತದೆ. ಅಜ್ಜಿ ಮಾತ್ರ ಗಂಡ ಲೈಲ್‌ನ ಕಿವಿಗೆ ಬೇಸ್‌ಬಾಲ್ ಆಟಕ್ಕೆ ಕೊಡುವಂಥ ವಿವರಣೆ ಕೊಡುತ್ತಲೇ ಇರುತ್ತಾಳೆ. “ಈಗ ಬುಗುರಿ ಥರ ಸುತ್ತುತಾ ಇವೆ. ಒಂದು ಒಳಗೆ ಇಣುಕ್ತು, ಬೇಡ ಅಂತ ವಾಪಸ್ ಹೋಯ್ತು. ಥೇಟ್ ನಿನ್ನ ತಂಗಿ, ಬಟ್ಟೆ ಅಂಗಡೀಲಿ.” ಬಾಯಿ ತುಂಬ ಪಾಪ್‌ಕಾರ್ನ್ ಇದ್ದರೂ ಮಾತು ನಿಲ್ಲದು. ಹೊಸಬರು ರೇಗುತ್ತಾರೆ: “ನಮಗೂ ಕಣ್ಣಿದೆ ಅಜ್ಜಿ.” “ನಿಮಗಿದೆಯಪ್ಪಾ,” ಎನ್ನುತ್ತಾಳೆ ಅಜ್ಜಿ, ಆಕಾಶದಿಂದ ನೋಟ ಕೀಳದೆ. ಆಗಲೇ ಅವರಿಗೆ ಲೈಲ್ ಅಜ್ಜನ ಕಪ್ಪು ಕನ್ನಡಕವೂ ಮಡಿಲ ಮೇಲಿನ ಬಿಳಿ ಕೋಲೂ ಕಾಣುವುದು. ಗಿಡುಗ ಬಂದರೆ ಗುಡ್ಡಕ್ಕೆ ಗುಡ್ಡವೇ “ಬೂ” ಎಂದು ಅದನ್ನು ಹೀಯಾಳಿಸಿ ಕೂಗುವುದು ಇಲ್ಲಿನ ಪದ್ಧತಿ. ಅದು ಹಕ್ಕಿಯನ್ನು ಹಿಡಿದುಬಿಟ್ಟರೆ ಕೂಗು ತಟ್ಟನೆ ನಿಲ್ಲುತ್ತದೆ. ಕಣ್ಣಿದ್ದ ಕಾಲದಲ್ಲಿ ಅಂಥ ಸಂಜೆ ಅಜ್ಜ ಊಟ ಬಿಡುತ್ತಿದ್ದನಂತೆ. ಅದಕ್ಕೇ ಅಜ್ಜಿಯ ವಿವರಣೆಯಲ್ಲಿ ಗಿಡುಗ ಒಂದು ದಿನವೂ ಗೆಲ್ಲುವುದಿಲ್ಲ. ನಿನ್ನೆ ನಮ್ಮ ಕಣ್ಣೆದುರೇ ಅದು ಒಂದು ಹಕ್ಕಿಯನ್ನು ಎತ್ತಿಕೊಂಡು ಹೋಯಿತು. “ತಪ್ಪಿಸ್ಕೊಂಡ್ತು,” ಎಂದಳು ಅಜ್ಜಿ, “ಗಿಡುಗ ಬರಿಗೈಲಿ ಹೋಯ್ತು.” ಗುಡ್ಡವೆಲ್ಲ ಸದ್ದಿಲ್ಲದೆ ಕೂತಿತ್ತು. ಅಜ್ಜ ಸ್ವಲ್ಪ ಹೊತ್ತು ಆ ಮೌನಕ್ಕೇ ಕಿವಿಗೊಟ್ಟ. ಆಮೇಲೆ ತಡವುತ್ತ ಅವಳ ಕೈ ಹುಡುಕಿ ಹಿಡಿದುಕೊಂಡು, “ಒಳ್ಳೇದಾಯ್ತು ಬಿಡು,” ಎಂದ.