ಬೇಲಿಯೊಳಗೆ ಹಾಕಿದ ಮುದ್ದೆ

ರಾಗಿ ಕೊಯ್ಲು ಮುಗಿದ ಮೇಲೆ ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ಅಪ್ಪನ ಕಾಲದಿಂದ ನಡೆದುಬಂದದ್ದು. ಕುರಿಗಳು ರಾತ್ರಿ ಹೊಲದಲ್ಲೇ ಮಲಗುತ್ತವೆ, ಅವುಗಳ ಗೊಬ್ಬರ ಮಣ್ಣಿಗೆ ಸೇರುತ್ತದೆ. ಕುರಿ ಕಾಯುವವರಿಗೆ ನಾವು ರಾಗಿ, ಕಾಯಿ ಕೊಡುತ್ತೇವೆ. ಆ ವರ್ಷ ಮಾತಾಡಿ ಗೊತ್ತುಮಾಡಬೇಕಾದವಳು ನಾನೇ. ಅಪ್ಪ ತೀರಿಹೋಗಿದ್ದರು. ಅಮ್ಮ ಅಕ್ಕನ ಬಾಣಂತನಕ್ಕೆಂದು ಬೇಲೂರಿನಲ್ಲಿದ್ದರು. ಅರಸೀಕೆರೆಯ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಸೆಮಿಸ್ಟರ್ ರಜೆ. ಕಣಕಟ್ಟೆಯಿಂದ ಆಚೆ, ತೋಟದ ನಡುವಿನ ಮನೆಯಲ್ಲಿ ನಾನೊಬ್ಬಳೇ.

ಒಬ್ಬಳೇ ಇರುವುದು ನನಗೆ ಕಷ್ಟವಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಸಂಜೆ ಬಾಗಿಲು ಹಾಕುವಾಗ, ಬೆಳಗಿನಿಂದ ಯಾರೊಡನೆಯೂ ಮಾತಾಡಿಲ್ಲವೆಂದು ಫಕ್ಕನೆ ಹೊಳೆಯುತ್ತಿತ್ತು. ದನಿ ಇದೆಯೋ ಇಲ್ಲವೋ ನೋಡೋಣವೆಂಬಂತೆ ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದೆ.

ಮಂದೆಯ ಜೊತೆ ಬಂದವರು ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಒಂದು ನಾಯಿ. ಬೂದು ಬಣ್ಣದ, ಒಂದು ಕಿವಿ ಮಡಚಿಕೊಂಡ ಗಂಡುನಾಯಿ. ಊರ ನಾಯಿಗಳ ಹಾಗೆ ಅದು ಮನೆ ಬಾಗಿಲಿಗೆ ಬಂದು ನಿಲ್ಲಲಿಲ್ಲ. ಹೊಲವನ್ನೊಮ್ಮೆ ಸುತ್ತಿ, ಬದುಗಳನ್ನೆಲ್ಲ ಮೂಸಿ, ಕುರಿಗಳ ನಡುವೆ ಹೋಗಿ ಇನ್ನೊಂದು ಕುರಿಯಂತೆ ಮಲಗಿತು. ಮರಿಗಳು ಅದರ ಬೆನ್ನಮೇಲೆ ಹತ್ತಿ ಜಾರುತ್ತಿದ್ದವು. ಅದು ಕಣ್ಣು ಸಹ ತೆರೆಯುತ್ತಿರಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಮಾತ್ರ ಅದರ ಬುದ್ಧಿ ಬೇರೆ. ಅಜ್ಜನ ಕಂಬಳಿ ಎಳೆದುಕೊಂಡು ಓಡುವುದು, ಅಜ್ಜಿ ಬಿಟ್ಟ ಚಪ್ಪಲಿ ಕದ್ದು ಮಂದೆಯ ನಡುವೆ ಇಟ್ಟು, ಹುಡುಕುವವರನ್ನು ದೂರದಿಂದ ನೋಡುತ್ತ ಕೂರುವುದು.

"ಏನ್ ಸಾಕಿದ್ದೀಯೋ ನಾಯಿನ! ನಿನ್ನ ಮಾತೂ ಕೇಳಾಕಿಲ್ಲ," ಎಂದು ಅಜ್ಜಿ ಬರಿಗಾಲಲ್ಲಿ ಗೊಣಗುತ್ತಿದ್ದರು.

"ನೀನು ಕೇಳ್ತೀಯಾ? ಅದನ್ಯಾಕೆ ಬಯ್ತೀಯ," ಎಂದು ಅಜ್ಜ.

ಮಂದೆ ಹೊರಡುವ ಬೆಳಿಗ್ಗೆಯೇ ಒಂದು ಕುರಿ ಈದಿತು. ಮರಿಯ ಮುಂಗಾಲು ನೆಟ್ಟಗಿರಲಿಲ್ಲ, ತಾಯಿಯೂ ಸೋತಿತ್ತು. ಹುಲಿಕೆರೆಯ ಕಡೆ ಮುಂದಿನ ಹೊಲದವರು ಕಾಯುತ್ತಿದ್ದರು. ಹೀಗಾದಾಗ ಬಾಣಂತಿ ಕುರಿಯನ್ನು ಹೊಲದವರ ಮನೆಯಲ್ಲೇ ಬಿಟ್ಟುಹೋಗುವುದು ವಾಡಿಕೆ. ಹಿತ್ತಿಲಲ್ಲಿ ತೆಂಗಿನ ಗರಿಯಿಂದ ಒಂದು ಬೇಲಿ ಕಟ್ಟಿಕೊಟ್ಟು ಅವರು ಹೋದರು.

ಹೊತ್ತು ಮುಳುಗುವಾಗ ನೋಡುತ್ತೇನೆ, ನಾಯಿ ಬೇಲಿಯೊಳಗಿದೆ. ಯಾವ ಊರಿನಿಂದ ಹಿಂದಕ್ಕೆ ಓಡಿಬಂದಿತ್ತೋ, ಮೈಯೆಲ್ಲ ಧೂಳು. ಮರಿಯನ್ನು ನೆಕ್ಕುತ್ತಿತ್ತು. ಅಷ್ಟರಲ್ಲಿ ಅಜ್ಜನ ಫೋನ್ ಬಂತು.

"ಅವ್ವಾ, ನಾಯಿ ಅಲ್ಲೈತಾ?"

"ಇದೆ ಅಜ್ಜ. ಮರಿ ಹತ್ತಿರ ಕೂತಿದೆ."

"ಲೆಕ್ಕ ಹಾಕ್ಬಿಟ್ಟೈತೆ ನೋಡು, ಎರಡು ಕಮ್ಮಿ ಅವೆ ಅಂತ. ಇರ್ಲಿ ಬಿಡು. ಒಂದು ಮುದ್ದೆ ಹಾಕವ್ವ. ಆದ್ರೆ ಕೈಯಾಗೆ ತಿನ್ನಿಸ್ಬೇಡ, ಮನೆ ತಾವ್ಕೂ ಕರೀಬೇಡ. ಕುರಿ ಪಕ್ಕದಾಗೆ ನೆಲಕ್ಕಿಡು. ಅನ್ನ ಎಲ್ಲಿ ಸಿಗ್ತೈತೋ ಅದನ್ನೇ ಕಾಯ್ತೈತೆ ಅದು."

ಹಾಗೆಯೇ ಮಾಡಿದೆ. ಬೆಳಿಗ್ಗೆ ಕುರಿಗೆ ಸೊಪ್ಪು, ಹಿಂಡಿ. ಸಂಜೆ ನಾಯಿಗೆ ಮುದ್ದೆ. ಮರಿ ಕುಂಟುತ್ತ ಬಿದ್ದಾಗ ನಾಯಿ ಮೂತಿಯಿಂದ ಮೆಲ್ಲಗೆ ತಳ್ಳಿ ಎಬ್ಬಿಸುತ್ತಿತ್ತು. ಎರಡನೆಯ ದಿನ ನನ್ನ ಎಡಗಾಲಿನ ಚಪ್ಪಲಿ ಕಾಣೆಯಾಯಿತು. ಹುಡುಕಿದಷ್ಟೂ ನಾಯಿ ಬಾಲ ಅಲ್ಲಾಡಿಸಿತು. "ಎಲ್ಲಿಟ್ಟಿದ್ದೀಯೋ ಕಳ್ಳ?" ಎಂದು ಗಟ್ಟಿಯಾಗಿಯೇ ಕೇಳಿದೆ. ಆ ದಿನ ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಆಮೇಲೆ ಅದರೊಂದಿಗೆ ಮಾತಾಡುವುದೇ ರೂಢಿಯಾಯಿತು. ಅಮ್ಮನಿಗೆ ಫೋನಿನಲ್ಲಿ ಹೇಳದ ಸಂಗತಿಗಳನ್ನೂ ಹೇಳಿದೆ. ಯಾವುವು ಎಂದು ಇಲ್ಲಿ ಬರೆಯುವುದಿಲ್ಲ.

ಅಜ್ಜನ ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಅನ್ನ ಸಿಗುವ ಜಾಗವನ್ನು ಕಾಯುವ ನಾಯಿ. ಹಾಗಾದರೆ ಜಾಗವನ್ನು ಬದಲಿಸಿದರೆ ಸಾಕಲ್ಲ. ಒಂದು ಸಂಜೆ ಮುದ್ದೆಯನ್ನು ಬೇಲಿಯ ಹೊರಗಿಟ್ಟೆ. ಮರುದಿನ ನೀರಿನ ತೊಟ್ಟಿಯ ಹತ್ತಿರ. ಅದರ ಮರುದಿನ ಹಿತ್ತಿಲ ಬಾಗಿಲ ಮೆಟ್ಟಿಲಿನ ಮೇಲೆ ಇಟ್ಟು, ಪಕ್ಕದಲ್ಲಿ ಕೂತೆ. ಅದು ಬಂತು. ನನ್ನ ಮೊಣಕಾಲನ್ನು ಮೂಸಿತು. ಅದರ ಬಿಸಿ ಉಸಿರು ತಾಗಿದಾಗ ನಾನು ಅಲ್ಲಾಡಲಿಲ್ಲ. ಮುದ್ದೆಯನ್ನು ಕಚ್ಚಿಕೊಂಡಿತು, ತಿನ್ನಲಿಲ್ಲ. ತೊಟ್ಟಿ ದಾಟಿ, ಗರಿಗಳ ನಡುವೆ ನುಗ್ಗಿ, ಮರಿಯ ಪಕ್ಕ ಮಲಗಿ, ಮುಂಗಾಲುಗಳ ನಡುವೆ ಮುದ್ದೆ ಇಟ್ಟುಕೊಂಡು ನಿಧಾನವಾಗಿ ತಿಂದಿತು. ತಿನ್ನುತ್ತಲೇ ನನ್ನ ಕಡೆ ನೋಡಿ ಬಾಲ ಬಡಿಯಿತು. ಮರುದಿನದಿಂದ ಮುದ್ದೆ ಮತ್ತೆ ಬೇಲಿಯೊಳಗೆ.

ಮರಿ ಓಡಾಡುವಂತಾದ ಮೇಲೆ ಅಜ್ಜ ಅಜ್ಜಿ ಲಗೇಜ್ ಆಟೋದಲ್ಲಿ ಬಂದರು. ನಾನು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದೆ. ತಟ್ಟೆ ಹಿಡಿದೇ ಹೊರಗೆ ಬಂದೆ. ಕುರಿಯನ್ನೂ ಮರಿಯನ್ನೂ ಆಟೋಗೆ ಹತ್ತಿಸಿದ್ದರು. ನಾಯಿಗೆ ಆಟೋ ಹೊಸದು. ಗೇಟಿನ ಹತ್ತಿರ ನಿಂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತಿತ್ತು.

ಅಜ್ಜ ನನ್ನ ಮುಖ ನೋಡಿದರು. ಏನು ಕಂಡಿತೋ.

"ಒಬ್ಳೇ ಇದ್ದೀಯ. ಬೇಕಾದ್ರೆ ಕರೆದು ನೋಡವ್ವ. ಬಂದ್ರೆ ಇಟ್ಕೋ. ನಂಗೆ ಇನ್ನೊಂದು ಮರಿನಾಯಿ ತಯಾರಾಗ್ತೈತೆ."

"ದಾನ ಮಾಡಾಕ್ ಬಂದವ್ನೆ, ದೊಡ್ಡ ಸಾವ್ಕಾರ!" ಎಂದರು ಅಜ್ಜಿ. "ಕಂಬಳಿ ಕೊಡು ಅಂದ್ರೆ ಕೊಡಾಕಿಲ್ಲ."

"ಚಪ್ಪಲಿ ಉಳೀತದೆ ಅಂತ ನಿಂಗೂ ಖುಷಿನೇಯ, ಸುಮ್ಕಿರು."

ಆಟೋದವನು ನಕ್ಕ. ನಾನೂ ನಕ್ಕೆ ಅನ್ನಿಸುತ್ತದೆ. ನಾಯಿ ನನ್ನ ಕೈಯ ತಟ್ಟೆಯನ್ನೇ ನೋಡುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಈಗ ಕರೆದರೆ ಬರುತ್ತದೆಂದು ನನಗೆ ಗೊತ್ತಿತ್ತು. ನನ್ನ ದನಿಯ ಪರಿಚಯ ಅದಕ್ಕೆ ಬೇಕಾದಷ್ಟಾಗಿತ್ತು. ಮೆಟ್ಟಿಲ ಮೇಲೆ ಮುದ್ದೆಯಿಟ್ಟು ಗೇಟು ಹಾಕಿಕೊಂಡರೆ ಕಚ್ಚಿಕೊಂಡು ಹೋಗಲು ಬೇಲಿಯೊಳಗೆ ಅದರ ಮರಿಯೇ ಇರುವುದಿಲ್ಲ.

ಆಟೋದೊಳಗೆ ಮರಿ ಅರಚಿತು. ನಾಯಿಯ ಮಡಚಿದ ಕಿವಿ ಎದ್ದು ನಿಂತಿತು.

ನಾನು ಆಟೋದ ಹಿಂದಕ್ಕೆ ಹೋಗಿ, ಮುದ್ದೆಯನ್ನು ಕುರಿಯ ಪಕ್ಕ, ಹಾಸಿದ ಗೋಣಿಚೀಲದ ಮೇಲೆ ಇಟ್ಟೆ. ನಾಯಿ ನನ್ನ ತೋಳಿಗೆ ಮೈ ತಾಗಿಸಿಕೊಂಡೇ ಹಾರಿ ಒಳಗೆ ಹೋಯಿತು. ಮೊದಲು ಮರಿಯನ್ನು ಮೂಸಿ, ಆಮೇಲೆ ಮುದ್ದೆಗೆ ಬಾಯಿ ಹಾಕಿತು.

"ಬತ್ತೀವವ್ವ," ಎಂದರು ಅಜ್ಜಿ, ಈ ಸಲ ಮೆಲ್ಲಗೆ.

ಗೇಟು ಹಾಕಿ ಹಿತ್ತಿಲಿಗೆ ಬಂದೆ. ಬೇಲಿಯ ಮೂಲೆಯಲ್ಲಿ ನಾಯಿ ಮಲಗಿ ಮಲಗಿ ಮಾಡಿದ್ದ ಗುಳಿ, ಅದರೊಳಗೆ ಸೊಪ್ಪಿನ ಕಡ್ಡಿಗಳ ಕೆಳಗೆ ನನ್ನ ಚಪ್ಪಲಿ. ಕೊಡವಿ ಕಾಲಿಗೆ ಹಾಕಿಕೊಂಡೆ. ಅಂಚಿನಲ್ಲಿದ್ದ ಹಲ್ಲಿನ ಗುರುತು ನಡೆಯುವಾಗ ಹೆಬ್ಬೆರಳಿಗೆ ಒತ್ತುತ್ತಿತ್ತು.