ಕೂರೋ ಲಾಡ್ಜಿನ ಪುಟ್ಟಮಾದಪ್ಪ

ಖಾಕಿ ಚಡ್ಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ಟೈರಿನ ಚಪ್ಪಲಿ, ಬಲಗೈಯಲ್ಲಿ ಎತ್ತಿ ಹಿಡಿದ ಕತ್ತಿ. ಪುಟ್ಟಮಾದಪ್ಪನವರನ್ನು ನಾನು ಮೊದಲ ಸಲ ಕಂಡಾಗ ಅವರು ಈ ವೇಷದಲ್ಲಿ ನಿಂತು, ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಒಂದು ಸಂಸಾರಕ್ಕೆ ರೂಮಿಲ್ಲವೆಂದು ವಿವರಿಸುತ್ತಿದ್ದರು.

“ಬೋರ್ಡಲ್ಲಿ ಲಾಡ್ಜ್ ಅಂತ ಬರ್ದವ್ರಲ್ಲಪ್ಪಾ?” ಸಂಸಾರದ ಯಜಮಾನ ಕತ್ತಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದ.

“ಬರ್ದವ್ರೆ. ಆದ್ರೆ ಇದು ಮನಿಕೊಳೋ ಲಾಡ್ಜಲ್ಲ, ಕೂರೋ ಲಾಡ್ಜು. ತಿಂಗ್ಳಿಗೊಂದ್ಸಲ ಬಂದು ಕೂತ್ಕಂಡು ಎದ್ದೋಯ್ತರೆ.”

“ಕೂತ್ಕಂಡು ಏನ್ ಮಾಡರು?”

“ನಂಗೇನ್ ಗೊತ್ತು? ನಾನು ಆಚೆ ನಿಂತಿರೋನು.”

ಕೊಳ್ಳೇಗಾಲದ ಆ ಹಳೆಯ ಹೆಂಚಿನ ಕಟ್ಟಡ ಫ್ರೀಮೇಸನ್ನರ ಸಭಾಭವನ. ಜಾತಿಮತ ಕೇಳದೆ ಅಣ್ಣತಮ್ಮಂದಿರಂತೆ ಕೂಡುವ, ಕೈಲಾದ ದಾನಧರ್ಮ ಮಾಡುವ ಗಂಡಸರ ಕೂಟ ಅದು. ಒಳಗಿನ ಆಚರಣೆಯನ್ನು ಮಾತ್ರ ಹೆಂಡತಿಗೂ ಹೇಳುವಂತಿಲ್ಲ. ಸಭೆ ನಡೆಯುವಾಗ ಬಾಗಿಲ ಹೊರಗೆ ಕತ್ತಿ ಹಿಡಿದವನೊಬ್ಬ ನಿಲ್ಲಬೇಕು. ಆ ಕಾವಲುಗಾರನೂ ಸದಸ್ಯನೇ ಆಗಿರಬೇಕೆಂಬುದು ನಿಯಮ. ಆದರೆ ಸದಸ್ಯರು ಕಡಿಮೆಯಾಗಿ ಹೊರಗೆ ನಿಲ್ಲಲು ಆಳಿಲ್ಲದ ಒಂದು ಸಂಜೆ, ಗಿಡಕ್ಕೆ ನೀರು ಹಾಕುತ್ತಿದ್ದ ಮಾಲಿ ಪುಟ್ಟಮಾದಪ್ಪನವರ ಕೈಗೆ ತಾತ್ಕಾಲಿಕವಾಗಿ ಕತ್ತಿ ಕೊಟ್ಟಿದ್ದರು. ನಾನು ಅವರನ್ನು ಕಾಣುವ ಹೊತ್ತಿಗೆ ಆ ತಾತ್ಕಾಲಿಕಕ್ಕೆ ಮೂವತ್ತು ವರ್ಷ ದಾಟಿತ್ತು.

ನಾನಲ್ಲಿಗೆ ಹೋದದ್ದು ಲಾಡ್ಜಿನ ಇತಿಹಾಸ ಬರೆಯಲು. ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇಂಥ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಲಾಡ್ಜಿನ ಅಧ್ಯಕ್ಷರಾಗಿದ್ದ ವೃದ್ಧ ಡಾಕ್ಟರ್ ಪರಶಿವಮೂರ್ತಿಯವರು ಎರಡೇ ಷರತ್ತು ಹಾಕಿದರು. ಒಳಗೆ ನಡೆಯುವುದನ್ನು ಬರೆಯಕೂಡದು. ಸಭೆಗಳ ನಡಾವಳಿ ಪುಸ್ತಕವನ್ನು ಸದಸ್ಯರಲ್ಲದವರು ನೋಡಕೂಡದು.

“ಹಾಗಾದರೆ ಏನು ಬರೆಯಲಿ, ಡಾಕ್ಟ್ರೇ?”

“ಪುಟ್ಟಮಾದಪ್ಪನ್ನ ಕೇಳಿ ಮೇಷ್ಟ್ರೇ. ಅವನಿಗೆ ಎಲ್ಲಾ ಗೊತ್ತು, ಒಳಗಿನದೊಂದು ಬಿಟ್ಟು.”

ಹೀಗೆ ಹೊಂಗೆ ಮರದ ನೆರಳಲ್ಲಿ ನನ್ನ ಸಂಶೋಧನೆ ಶುರುವಾಯಿತು. ತಮ್ಮೂರು ಮಾಂಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಹಜಾರ ಗುಡಿಸಿ, ಕುರ್ಚಿ ಒರೆಸಿ, ಪುಟ್ಟಮಾದಪ್ಪ ನನಗಾಗಿ ಕಾಯುತ್ತಿದ್ದರು. ಅವರು ಹೇಳಿದ ಪ್ರಕಾರ, ಕಾಡಿನ ಕಾಫಿ ತೋಟದ ಬಿಳಿ ದೊರೆಗಳು ಆ ಲಾಡ್ಜನ್ನು ಕಟ್ಟಿಸಿದರಂತೆ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಆ ಕಾಲದಲ್ಲಿ ತಮಿಳು ಬಲ್ಲ ಜನ ಅದಕ್ಕೆ ‘ತಲವೆಟ್ಟಿ ಕೋವಿಲ್’ ಎಂದು ಹೆಸರಿಟ್ಟಿದ್ದರಂತೆ, ಅಂದರೆ ತಲೆ ಕಡಿಯುವ ಗುಡಿ. ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆಯ ಆ ಪಕ್ಕಕ್ಕೆ ದಾಟುತ್ತಿದ್ದರಂತೆ.

“ತಲೆಯಂತೆ, ಕಡಿಯೋದಂತೆ! ಈ ಕತ್ತೀಲಿ ಬದ್ನೆಕಾಯ್ನೂ ಕೊಯ್ಯಾಕಾಗಾಕಿಲ್ಲ ಸಾ. ನಾನೇ ನೋಡಿವ್ನಿ.”

ತಲೆ ಕಡಿಯುವ ಹೆದರಿಕೆ ಹೋದರೂ ಮಾಟದ ಹೆದರಿಕೆ ಹೋಗಿರಲಿಲ್ಲ. ಕೊಳ್ಳೇಗಾಲದ ಹೆಸರು ಕೇಳಿದರೆ ನಿಂಬೆಹಣ್ಣು ನೆನಪಿಸಿಕೊಳ್ಳುವ ಜನ ನಾಡಿನ ತುಂಬ ಇದ್ದಾರೆ. ಲಾಡ್ಜಿನ ಬಾಗಿಲ ಮೇಲೆ ಮೂಲೆಮಟ್ಟ, ಕೈವಾರಗಳ ಚಿಹ್ನೆ ಬೇರೆ ಇತ್ತು. ಅದೊಂದು ಭಾರೀ ಯಂತ್ರವೆಂದು ಆಟೋದವರೇ ಪ್ರಚಾರ ಮಾಡಿದ್ದರು. ಒಮ್ಮೆ ನಾನಿದ್ದಾಗಲೇ ಅಗರದ ರೈತನೊಬ್ಬ ಆಟೋ ಇಳಿದವನೇ ಪುಟ್ಟಮಾದಪ್ಪನವರ ಕಾಲು ಹಿಡಿದ. ಅವನ ಎಮ್ಮೆ ಕಳೆದುಹೋಗಿತ್ತು.

“ಏಳ್ಲಾ ಮೇಕೆ. ಅದು ಗಾರೆ ಕೆಲ್ಸದೋರ ಸಾಮಾನು ಕಣ್ಲಾ, ಯಂತ್ರ ಅಲ್ಲ.”

“ಅಂಗನ್ಬೇಡಿ ಬುದ್ದಿ. ಒಂದ್ ನಿಂಬೆಹಣ್ಣಾದ್ರೂ ಮಂತ್ರಿಸ್ಕೊಡಿ.”

“ಎಮ್ಮೆ ಎಲ್ಲಿ ತಂದಿದ್ದೆ?”

“ಕಾಮಗೆರೆ ಕಡೆಯೋನ್ತವ ಬುದ್ದಿ. ತಂದು ಇನ್ನೂ ತಿಂಗ್ಳಾಗ್ನಿಲ್ಲ.”

“ಅಂಗಾದ್ರೆ ಅದು ಅಳೇ ಮನೆಗೇ ಓಗಿರ್ತದೆ. ಅಲ್ಲೋಗಿ ನೋಡೋಗು.”

ಮುಂದಿನ ವಾರ ಅವನು ಒಂದು ಚೊಂಬು ಗಟ್ಟಿ ಮೊಸರು ಹಿಡಿದು ಬಂದ. ಎಮ್ಮೆ ಹಳೆಯ ಕೊಟ್ಟಿಗೆಯಲ್ಲೇ ಸಿಕ್ಕಿತ್ತು. ಜೊತೆಗೆ ಕೋಳಿ ಕಳೆದವನೊಬ್ಬನನ್ನೂ, ಅಳಿಯ ಕಳೆದುಹೋದ ಅತ್ತೆಯೊಬ್ಬಳನ್ನೂ ಕರೆತಂದಿದ್ದ. ಅವರನ್ನು ಸಾಗಹಾಕುವಷ್ಟರಲ್ಲಿ ಪುಟ್ಟಮಾದಪ್ಪನವರಿಗೆ ಸಾಕುಸಾಕಾಯಿತು.

“ನಿಜ ಏಳುದ್ರೂ ಮಾಟ ಅಂತರೆ. ಈ ಊರಲ್ಲಿ ನಿಜ ಏಳೋದೆಂಗೆ ಸಾ?” ಎಂದು ಮೊಸರನ್ನು ನನ್ನ ಕಡೆಗೆ ತಳ್ಳಿದರು.

ಮನೆಯಲ್ಲೂ ಅವರಿಗೆ ಇದೇ ಕಾಟ. ಹೆಂಡತಿ ಸಿದ್ದಮ್ಮ ಮದುವೆಯಾದಂದಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಒಳಗೆ ಏನು ಮಾಡುತ್ತಾರೆ? ಕುರ್ಚಿ ಇವೆ, ಕಪ್ಪು ಬಿಳಿ ಚೌಕದ ನೆಲ ಇದೆ, ಅಷ್ಟು ತಾನು ಗುಡಿಸುವಾಗ ಕಂಡಿದ್ದೇನೆ. ಬಾಗಿಲು ಹಾಕಿಕೊಂಡ ಮೇಲಿನದು ಶಿವನೇ ಬಲ್ಲ ಎಂದು ಇವರು ಹೇಳುತ್ತಿದ್ದರು. ಅವಳು ನಂಬುತ್ತಿರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಮೇಲಿನವರಿಂದ ಕಾಗದ ಬಂತು. ಲಾಡ್ಜಿಗೆ ಏಳು ಮಂದಿಯಾದರೂ ಸದಸ್ಯರಿರಬೇಕು. ನಿಮ್ಮಲ್ಲಿ ಉಳಿದಿರುವವರು ಆರೇ ಮಂದಿ. ಏಳನೆಯವನನ್ನು ಮೂರು ತಿಂಗಳೊಳಗೆ ಸೇರಿಸಿಕೊಳ್ಳದಿದ್ದರೆ ಲಾಡ್ಜು ನಡೆಸುವ ಸನದು ವಾಪಸು ಕೊಡಿ, ಬಾಗಿಲು ಹಾಕಿ. ಡಾಕ್ಟರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ಮೂರನೆಯ ದಿನ ಹೊಳೆಯಿತು: ಏಳನೆಯವನು ಬಾಗಿಲಲ್ಲೇ ನಿಂತಿದ್ದಾನೆ!

“ಪುಟ್ಟಮಾದಪ್ಪ, ನಿನ್ನನ್ನ ಸದಸ್ಯನಾಗಿ ಮಾಡ್ಕೋತೀವಿ. ಏನಂತೀಯ?”

ಪುಟ್ಟಮಾದಪ್ಪ ಕತ್ತಿಯನ್ನು ಎಡಗೈಗೆ ಬದಲಾಯಿಸಿಕೊಂಡರು. “ನೀವೇಳ್ದಂಗೆ ಬುದ್ದಿ” ಎಂದರು.

ಹೊಸಬರನ್ನು ಸೇರಿಸಿಕೊಳ್ಳಲು ಗೋಲಿಯ ಮತ ಹಾಕುತ್ತಾರೆ. ಒಪ್ಪುವವರು ಬಿಳಿ ಗೋಲಿ, ಒಪ್ಪದವರು ಕಪ್ಪು ಗೋಲಿ. ಯಾರು ಯಾವುದನ್ನು ಹಾಕಿದರೆಂದು ಯಾರಿಗೂ ಕಾಣದಂತೆ ಮರದ ಪೆಟ್ಟಿಗೆಯೊಳಗೆ ಹಾಕಬೇಕು. ಒಂದೇ ಒಂದು ಕಪ್ಪು ಬಿದ್ದರೂ ಮುಗಿಯಿತು. ಆ ಸಂಜೆ ಪುಟ್ಟಮಾದಪ್ಪನವರೇ ಎಂದಿನಂತೆ ಪೆಟ್ಟಿಗೆ ಒರೆಸಿ, ಗೋಲಿಗಳನ್ನು ಬಟ್ಟಲಿಗೆ ತುಂಬಿ ಒಳಗೆ ಕಳಿಸಿದರು. ನಾನು ಹೊಂಗೆ ಮರದ ಕೆಳಗೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗೆ ಕುರ್ಚಿ ಎಳೆದಾಡುವ ಸದ್ದು, ಜಗಳದ ಸದ್ದು. ಬಾಗಿಲು ತೆರೆದು ಬಂದ ಡಾಕ್ಟರು ಜಗಲಿಯ ಮೇಲೆ ಕುಸಿದು ಕೂತರು. ಪೆಟ್ಟಿಗೆಯಲ್ಲಿ ಒಂದು ಕಪ್ಪು ಗೋಲಿ ಬಿದ್ದಿತ್ತು.

“ಮಾಲಿ ಅಂತ ತಾನೇ ಹೀಗೆ ಮಾಡಿದ್ದು? ಯಾವ ಮುಖ ಇಟ್ಕೊಂಡು ಸೋದರರು ಅಂತ ಕರ್ಕೋಬೇಕಯ್ಯ ನಾವು?” ಎಂದು ಆ ಹಿರಿಯ ಜೀವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿತು.

“ಓಗ್ಲಿ ಬುಡಿ ಬುದ್ದಿ, ಓಗ್ಲಿ ಬುಡಿ” ಎಂದು ಪುಟ್ಟಮಾದಪ್ಪ ಓಡಿಹೋಗಿ ಟೀ ತಂದುಕೊಟ್ಟರು. ಲೋಟ ಕೊಟ್ಟವರೇ ಡಾಕ್ಟರ ಮುಖ ನೋಡದೆ ಗಿಡಗಳ ಕಡೆ ಹೋದರು. ಪಾಪ, ಅವಮಾನವಾಗಿದೆ ಎಂದುಕೊಂಡೆ.

ಆಮೇಲೆ ಎರಡು ತಿಂಗಳು ಆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರಿಗೆ ಯಳಂದೂರಿನ ರೈಸ್ ಮಿಲ್ಲಿನ ಯಜಮಾನರ ಮೇಲೆ ಅನುಮಾನ. ಯಜಮಾನರಿಗೆ ಲಾಡ್ಜಿನ ಕಾರ್ಯದರ್ಶಿಯಾಗಿದ್ದ ವಕೀಲ ರಂಗಸ್ವಾಮಿಯವರ ಮೇಲೆ ಅನುಮಾನ. ವಕೀಲರಿಗೆ, ಅವರ ವೃತ್ತಿಗೆ ತಕ್ಕಂತೆ, ಎಲ್ಲರ ಮೇಲೂ ಅನುಮಾನ. ಕೊನೆಗೆ ಗಡುವು ಹತ್ತಿರವಾದಾಗ ಡಾಕ್ಟರ ಕಣ್ಣು ನನ್ನ ಮೇಲೆ ಬಿತ್ತು. ಸನದು ಉಳಿಸಬೇಕೆಂಬ ಆಸೆ ನನಗೂ ಇತ್ತು. ನಡಾವಳಿ ಪುಸ್ತಕ ನೋಡುವ ಆಸೆ ಅದಕ್ಕಿಂತ ಹೆಚ್ಚಾಗಿತ್ತು. ನನಗೆ ಬಿದ್ದ ಗೋಲಿಗಳೆಲ್ಲ ಬಿಳಿ.

ಸೇರುವ ದಿನ ಬಾಗಿಲಿಗೆ ಹೋದರೆ, ದಿನಾ ನನ್ನೊಡನೆ ಟೀ ಕುಡಿಯುತ್ತಿದ್ದ ಪುಟ್ಟಮಾದಪ್ಪ ಕತ್ತಿ ಅಡ್ಡ ಹಿಡಿದು, “ಯಾರು ನೀವು?” ಎಂದರು. ನಾನು ಹೆಸರು ಹೇಳಿದೆ. “ಊರು?” ಎಂದರು. ಇದು ಬಾಗಿಲ ಹೊರಗೆ ನಡೆದದ್ದು, ಆದ್ದರಿಂದ ಬರೆಯಬಹುದು.

ಲಾಡ್ಜು ಉಳಿಯಿತು. ಮಂಡಿನೋವಿನಿಂದ ಪುಟ್ಟಮಾದಪ್ಪ ಬರುವುದು ಮಾತ್ರ ನಿಂತಿತು. ಒಂದು ಮಧ್ಯಾಹ್ನ ನಡಾವಳಿ ಪುಸ್ತಕ ಓದುತ್ತಿದ್ದಾಗ ಆ ಸಂಜೆಯ ಪುಟ ಸಿಕ್ಕಿತು. ವಕೀಲರ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಹಾಜರು ಆರು ಮಂದಿ. ಬಿಳಿ ಆರು, ಕಪ್ಪು ಒಂದು.’ ಮೂರು ಸಲ ಓದಿದೆ. ಜಗಳದ ಭರದಲ್ಲಿ ಯಾರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಆರು ಜನ ಏಳು ಗೋಲಿ ಹಾಕಿದ್ದು ಹೇಗೆ?

ಭಾನುವಾರ ಮಾಂಬಳ್ಳಿಗೆ ಹೋದೆ. ಪುಟ್ಟಮಾದಪ್ಪ ಜಗಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಲೆಕ್ಕ ಹೇಳಿದೆ. ಅವರು ಒಳಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಪೆಟ್ಗೆ ಒರುಸ್ವಾಗ ನಾನೇ ಒಂದ್ ಕರೀದ ಒಳಗಾಕ್ಬುಟ್ಟಿದ್ದೆ ಸಾ.”

“ಯಾಕೆ ಪುಟ್ಟಮಾದಪ್ಪನೋರೇ?”

“ದೊಡ್ಡ ಮನ್ಸ ಕರುದ್ರು, ಬ್ಯಾಡ ಅನ್ನಕೆ ಬಾಯಿ ಬರ್ನಿಲ್ಲ. ಒಳಕ್ಕೋದ್ರೆ ಎಲ್ಲಾ ಗೊತ್ತಾಯ್ತದೆ. ಗೊತ್ತಾದ್ಮೇಕೆ ಇವ್ಳು ಕೇಳ್ತಳೆ. ಈಗ ಗೊತ್ತಿಲ್ಲ ಅಂದ್ರೆ ಅದು ನಿಜ. ಆಮೇಕೆ ಗೊತ್ತಿಲ್ಲ ಅಂದ್ರೆ ಸುಳ್ಳಲ್ವ ಸಾ? ಕಟ್ಕಂಡೋಳ್ಗೆ ಈ ವಯ್ಸಲ್ಲಿ ಸುಳ್ಳೇಳಕ್ಕಾದದಾ?” ಎಂದು, ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ಡಾಕ್ಟ್ರು ಅತ್ಬುಟ್ರಲ್ಲ, ಅಂಗಾಯ್ತದೆ ಅಂತ ನಂಗೆ ಗೊತ್ತಾಗ್ನಿಲ್ಲ. ಅವ್ರಿಗೆ ನೀವೇ ಏಳ್ಬುಡಿ. ನಂಗೆ ಮೊಕ ಇಲ್ಲ” ಎಂದರು.

ಹೇಳಿದೆ. ಡಾಕ್ಟರು ಕೆಮ್ಮು ಬರುವಷ್ಟು ನಕ್ಕರು. ಅದೇ ಸಂಜೆ ಕಾರು ತೆಗೆಸಿಕೊಂಡು ಯಳಂದೂರಿಗೆ ಹೋಗಿ, ಮಿಲ್ಲಿನ ಯಜಮಾನರ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು.

ಆ ಬೇಸಗೆಯಲ್ಲಿ ಪುಟ್ಟಮಾದಪ್ಪ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾವು ಏಳು ಮಂದಿಯೂ ಆ ಬಿಸಿಲಲ್ಲಿ ಲಾಡ್ಜಿನ ಸಭೆಗೆ ಹಾಕುವ ಕರಿಕೋಟು ಹಾಕಿಕೊಂಡೇ ಮಾಂಬಳ್ಳಿಗೆ ಹೋದೆವು. ಚಪ್ಪರದ ಕೆಳಗೆ ಸಾಲಾಗಿ ಊಟಕ್ಕೆ ಕೂತಾಗ ಸಿದ್ದಮ್ಮ ನನ್ನೆದುರಿಗೆ ಬಂದು ನಿಂತಳು.

“ನೋಡುದ್ರಾ ಸಾ? ಸಾಯೋಗಂಟ ಬಾಯಿ ಬುಡ್ನಿಲ್ಲ ನನ್ ಗಂಡ. ಎಂಗೆ ಕೇಳುದ್ರೂ ಗೊತ್ತಿಲ್ಲ ಅಂದೇ ಓಗ್ಬುಟ್ರು.”

“ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಕಣಮ್ಮಾ. ನನ್ನಾಣೆಗೂ ಗೊತ್ತಿರಲಿಲ್ಲ.”

ಸಿದ್ದಮ್ಮ ನನ್ನ ಕರಿಕೋಟನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ನೀವೂ ಅವ್ರ ಪೈಕಿನೇ ಅಲ್ವ? ಇನ್ನೇನಂದೀರಿ!”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದ ಗಂಡನ ಬಗ್ಗೆ ಹೆಮ್ಮೆ ತುಂಬಿ ತುಳುಕುತ್ತಿತ್ತು. ಅವಳು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ನಾನು ಅದನ್ನೂ ಉಂಡೆ.