ಹೊಳೆನರಸೀಪುರದ ಗಂಗೆ

ಮೂವತ್ತು ವರ್ಷ ಹಾಸನದ ಹೈಸ್ಕೂಲಿನಲ್ಲಿ ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಪಾಠ ಮಾಡಿದವನು ನಾನು. ಈಗ ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಮನೆಯ ದೇವರ ಗೂಡಿನಲ್ಲಿ ಬಾಯಿಗೆ ಬೆಸುಗೆ ಹಾಕಿದ ಹಿಡಿಗಾತ್ರದ ತಾಮ್ರದ ಗಿಂಡಿಯೊಂದಿದೆ. ಒಳಗಿರುವುದು ಗಂಗೆಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ದಿನಾ ಬೆಳಿಗ್ಗೆ ಅದಕ್ಕೊಂದು ಹೂ ಇಡುತ್ತೇನೆ.

ಅದನ್ನು ತಂದವರು ನನ್ನ ಸೋದರಮಾವ, ಹವಾಲ್ದಾರ್ ಬೋರಣ್ಣ. ಅರಕಲಗೂಡು ತಾಲ್ಲೂಕಿನ ನಮ್ಮೂರಿನಿಂದ ಮಿಲಿಟರಿ ಸೇರಿದ ಮೊದಲಿಗರು. ಲೇಹ್, ತೇಜ್‌ಪುರ, ಜೈಸಲ್ಮೇರ್ ಎಂದು ದೇಶದ ಮೂಲೆಮೂಲೆ ಸುತ್ತಿದವರು. ಊರಿನವರ ಪ್ರಕಾರ ಅವರು ಎಲ್ಲ ಕಡೆಯೂ ಬಂದೂಕು ಹಿಡಿದು ಗಡಿಯಲ್ಲೇ ನಿಂತಿದ್ದರು. ನಿಜವಾಗಿ ಅವರು ಮಿಲಿಟರಿ ವರ್ಕ್‌ಶಾಪಿನಲ್ಲಿ ಕೂತು ಲಾರಿಗಳ ಸೋರುವ ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದರು. ಇದನ್ನು ಅವರೇನೂ ಮುಚ್ಚಿಡಲಿಲ್ಲ. ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೆ. ಬೆಸುಗೆ ಹಾಕುವವನು ಅರಕಲಗೂಡಿನ ಸಂತೆಯಲ್ಲೇ ಸಿಗುತ್ತಾನೆ. ಅದೇ ಕೆಲಸಕ್ಕೆ ಒಬ್ಬನನ್ನು ಲೇಹ್‌ವರೆಗೆ ಕಳಿಸಿದ್ದೇವೆಂದು ಒಪ್ಪಿಕೊಳ್ಳಲು ಊರಿಗೆ ಮನಸ್ಸಿರಲಿಲ್ಲ.

ನಮ್ಮ ಕಡೆಯವರ ಭೂಗೋಳ ಬಹಳ ಸರಳ. ಅರಸೀಕೆರೆ ಜಂಕ್ಷನ್ ದಾಟಿದರೆ ಆಮೇಲೆ ಬರುವುದೆಲ್ಲ ಕಾಶಿ. ಮಾವ ರಜೆಗೆ ಬರುತ್ತೇನೆಂದು ಕಾಗದ ಬರೆದರೆ ಸಾಕು, ಯಾರ್ಯಾರ ಮನೆಗೆ ಗಂಗೆ ಬೇಕೆಂಬ ಪಟ್ಟಿ ಇಲ್ಲಿಂದ ಹೊರಡುತ್ತಿತ್ತು. ಸಾಯುವವರ ಬಾಯಿಗೆ ಬಿಡಲು ಮನೆಗೊಂದು ಗಿಂಡಿ. ಮರಳುಗಾಡಿನ ಜೈಸಲ್ಮೇರಿನಿಂದ ಬಂದಾಗಲೂ ಮಾವ ಗಂಗೆಯನ್ನೇ ತರುತ್ತಿದ್ದರು. ಅದು ಹೇಗೆಂದು ಒಬ್ಬರೂ ಕೇಳಲಿಲ್ಲ. ಬೆನ್ನ ಹಿಂದೆ ಭಾರತದ ನಕ್ಷೆ ತೂಗುಹಾಕಿಕೊಂಡು ಪಾಠ ಮಾಡುತ್ತಿದ್ದ ನಾನೂ ಕೇಳಲಿಲ್ಲ.

ಬೋರಣ್ಣನ ಗಂಗೆಯ ಕೀರ್ತಿ ಮಾತ್ರ ತಾಲ್ಲೂಕು ದಾಟಿ ಹಬ್ಬಿತು. ಸಾಲಗಾಮೆಯ ನೆಂಟರೊಬ್ಬರು ಹನ್ನೆರಡು ವರ್ಷದ ಮೇಲೆ ಗಿಂಡಿ ಬಿಚ್ಚಿದರೆ ಒಂದು ಹುಳುವೂ ಇರಲಿಲ್ಲವಂತೆ. ಶ್ರೇಯಸ್ಸೆಲ್ಲ ಗಂಗಮ್ಮನಿಗೆ ಹೋಯಿತು, ಬೆಸುಗೆಗೆ ಯಾರೂ ಕೈಮುಗಿಯಲಿಲ್ಲ. ಚನ್ನರಾಯಪಟ್ಟಣದ ನಮ್ಮ ಬೀಗರು ಟೂರ್ ಬಸ್ಸಿನಲ್ಲಿ ಖುದ್ದು ಕಾಶಿಗೇ ಹೋಗಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತಂದರು. ಅವರ ಮನೆಯ ಅಜ್ಜಿ ಅದನ್ನು ನಂಬಲಿಲ್ಲ. ಬೋರಣ್ಣ ತಂದದ್ದೇ ಬೇಕೆಂದು ಹಟ ಹಿಡಿದು, ಅದು ಬರುವವರೆಗೆ ಇನ್ನೂ ಎರಡು ವರ್ಷ ಬದುಕಿಯೇಬಿಟ್ಟರು.

ನನ್ನ ಅವ್ವ ತೀರಿಕೊಂಡಾಗ ಅವಳ ಬಾಯಿಗೆ ಊರಿನ ಮನೆಯಲ್ಲಿದ್ದ ಗಿಂಡಿಯ ನೀರು ಬಿಟ್ಟವನು ನಾನೇ. ತಮ್ಮ ತಂದ ಗಂಗೆ ಎಂದು ಆಕೆ ಅದನ್ನು ಒಡವೆಗಿಂತ ಜೋಪಾನ ಮಾಡಿದ್ದಳು. ಬೂದಿ ಬಿಡಲು ಹೊಳೆನರಸೀಪುರಕ್ಕೆ ಹೋದೆವು. ಮಾವ ಅಷ್ಟರಲ್ಲಿ ಪಿಂಚಣಿ ಪಡೆದು ಊರು ಸೇರಿದ್ದರು. ಹೇಮಾವತಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದು ಬೊಗಸೆ ಎತ್ತಿ, ನನ್ನ ಮುಖ ನೋಡದೆ ಹೇಳಿದರು:

“ನಿಮ್ಮವ್ವನ ಬಾಯ್ಗೆ ನೀ ಬುಟ್ಟಿದ್ದು ಇದೇ ನೀರು ಕಣ್ಲಾ.”

ಮೊದಲ ಸಲ ಅವರು ನಿಜಕ್ಕೂ ಕಾಶಿಯಲ್ಲಿಳಿದು ಏಳು ಗಿಂಡಿ ತುಂಬಿಸಿಕೊಂಡು ರೈಲು ಹತ್ತಿದ್ದರಂತೆ. ಬಿರುಬೇಸಿಗೆ. ಬಯಲಿನ ನಡುವೆ ಗಾಡಿ ಕೆಟ್ಟು ನಿಂತು, ಎದುರು ಸೀಟಿನ ಮುದುಕರೊಬ್ಬರು ನೀರಿಲ್ಲದೆ ಉರುಳಿಬಿದ್ದರು. ಮಾವ ಒಂದು ಗಿಂಡಿ ಬಿಚ್ಚಿದರು. ಆಮೇಲೆ ಬೋಗಿಯವರೆಲ್ಲ ಕೈಯೊಡ್ಡಿದರು. “ಸಾಯೋರ್ಗೆ ಅಂತ ತಂದಿದ್ದು. ಕುಡ್ದು ಎದ್ದು ಕುಂತ್ಕಬುಟ್ಟ ಮುದ್ಕ,” ಎಂದರು ಮಾವ. ಹೊಳೆನರಸೀಪುರದಲ್ಲಿ ಇಳಿದಾಗ ಕೈಯಲ್ಲಿ ಏಳು ಖಾಲಿ ಗಿಂಡಿ, ಮನೆಯಲ್ಲಿ ಕಾಯುತ್ತಿರುವ ಅಕ್ಕ. ಅರಕಲಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆ ಹತ್ತಿರದಲ್ಲಿತ್ತು. ಬೆಸುಗೆಯ ಸಾಮಾನು ಟ್ರಂಕಿನಲ್ಲೇ ಇತ್ತು. ಅಕ್ಕ ಆ ಗಿಂಡಿಯನ್ನು ಕಣ್ಣಿಗೊತ್ತಿಕೊಂಡು ಅತ್ತದ್ದನ್ನು ನೋಡಿದ ಮೇಲೆ ನಿಜ ಹೇಳುವ ಧೈರ್ಯ ಅವರಿಗೆ ಬರಲೇ ಇಲ್ಲ. ಮುಂದಿನ ರಜೆಗೆ ಪಟ್ಟಿ ಇಮ್ಮಡಿಯಾಗಿತ್ತು.

ನನಗೆ ವಿಪರೀತ ಸಿಟ್ಟು ಬಂತು. ಎರಡೂ ನೀರೇ ಎಂದು ನನ್ನೊಳಗಿನ ವಿಜ್ಞಾನದ ಮೇಷ್ಟರು ಸಮಾಧಾನ ಹೇಳಿದರು, ಮಗ ಕೇಳಲಿಲ್ಲ. ಸ್ನಾನದ ಮಂತ್ರದಲ್ಲಿ ಗಂಗೆಯಿಂದ ಕಾವೇರಿಯವರೆಗೆ ಏಳು ನದಿಗಳನ್ನು ಒಂದೇ ಚೊಂಬಿಗೆ ಕರೆಯುತ್ತಾರೆ, ಹೇಮಾವತಿ ಹೋಗಿ ಸೇರುವುದು ಕಾವೇರಿಯನ್ನೇ, ಆದ್ದರಿಂದ ಅವ್ವನಿಗೆ ಮೋಸವಾಗಿಲ್ಲ ಎಂದು ಶಾಸ್ತ್ರದಿಂದಲೂ ವಾದಿಸಿ ನೋಡಿದೆ. ಅದೂ ಉಪಯೋಗಕ್ಕೆ ಬರಲಿಲ್ಲ. ಒಂದು ವರ್ಷ ಮಾವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಕೊನೆಗೆ ನಾನೇ ಕಾಶಿಗೆ ಹೋಗಿ ಒಂದು ಬಾಟಲಿ ಅಸಲಿ ಗಂಗೆ ತಂದಿಟ್ಟೆ. ಮಾವನ ಬಾಯಿಗೆ ಅದನ್ನೇ ಬಿಟ್ಟು, ನಿಜವಾದ ಗಂಗೆ ಹೇಗಿರುತ್ತದೆಂದು ತೋರಿಸಬೇಕೆಂಬ ಹಟ. ಸಾಯುವವರಿಗೂ ಬುದ್ಧಿ ಕಲಿಸಹೊರಡುವುದು ಮೇಷ್ಟರ ಜಾಯಮಾನ.

ಹೋದ ವರ್ಷ ಆ ಬೆಳಗು ಬಂತು. ಅತ್ತೆ ದೇವರ ಗೂಡಿನಿಂದ ಗಿಂಡಿ ತಂದು, ಬಿಚ್ಚಿಕೊಡು ಎಂದು ನನ್ನ ಕೈಗಿಟ್ಟು ಹಾಲು ತರಲು ಒಳಗೆ ಹೋದರು. ಪಾಪ, ಅವರಿಗೇನೂ ಗೊತ್ತಿರಲಿಲ್ಲ. ನಾನು ಮಾವನ ಕಿವಿಯ ಹತ್ತಿರ ಬಗ್ಗಿ, ಚೀಲದಲ್ಲಿ ಅಸಲಿ ಗಂಗೆ ಇದೆ, ಅದನ್ನೇ ಬಿಡಲೇ ಎಂದು ಕೇಳಿದೆ. ಮಾವ ಕಣ್ಣು ಬಿಟ್ಟರು.

“ಅದ್ನ ಬಾಯಾರಿದೋರ್ಗೆ ಕೊಡ್ಲಾ. ನಂಗೆ ನಮ್ಮೊಳೆದೇ ಬುಡು.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, “ಚಾಕು ಕಾಯ್ಸಿ ಬುಡ್ಸು. ಗಿಂಡಿ ನೆಗ್ಗಿಸ್ಬ್ಯಾಡ.”

ನಾನು ಚಾಕು ಕಾಯಿಸುತ್ತಾ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ವರ್ಷಗಟ್ಟಲೆ ಸಾಕಿದ ಸಿಟ್ಟು ಅಲ್ಲೇ ಮುಗಿಯಿತು.

ಅರಕಲಗೂಡಿನ ಸಂತಾಪ ಸಭೆಯಲ್ಲಿ ಮುಖಂಡರೊಬ್ಬರು, ಬಂದೂಕು ಹಿಡಿದು ಗಡಿ ಕಾಯ್ದ ಬೋರಣ್ಣನವರು ಗಂಗೆ ಕುಡಿದೇ ಕಣ್ಣು ಮುಚ್ಚಿದರೆಂದು ಭಾಷಣ ಮಾಡಿದರು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನಾನು.

ಇತ್ತ ನನ್ನ ಬಾಟಲಿಯ ನೀರು ಬಿಸಿಲಿಗೆ ಹಸಿರು ತಿರುಗಿತ್ತು. ಅದನ್ನು ಯಾವ ಬಾಯಾರಿದವರಿಗೂ ಕೊಡುವಂತಿರಲಿಲ್ಲ. ಅಂಗಳದಲ್ಲಿ ಬಾಡಿ ನಿಂತಿದ್ದ ದಾಸವಾಳದ ಬುಡಕ್ಕೆ ಹೊಯ್ದೆ. ಗಿಂಡಿಗೆ ದಿನಾ ಇಡುವ ಹೂ ಅದರದ್ದೇ. ಈಚೆಗೆ ಹೆಂಡತಿಗೆ ಬೆಸುಗೆ ಬಿಡಿಸುವುದನ್ನು ಹೇಳಿಕೊಡುತ್ತಿದ್ದೇನೆ. ಚಾಕು ಚೆನ್ನಾಗಿ ಕಾದಿರಬೇಕು, ಗಿಂಡಿ ನೆಗ್ಗಬಾರದು.